ಲಕ್ಕಿ ಕಡ್ಡಿ, ಹುಂಜದ ಗರಿ, ಎಕ್ಕದ ನಾರು: ಬಾಣ ಮಾಡೋಣ ಬನ್ನಿ

ಬಿಲ್ಲು ಮಾಡುವುದು ಕಷ್ಟ, ಬಾಣ ಮಾಡುವುದು ಸುಲಭ ಅಂತ ನಾನೂ ಅಂದುಕೊಂಡಿದ್ದೆ. ಒಂದು ಕಡ್ಡಿ, ಹಿಂದೆ ಒಂದಷ್ಟು ಗರಿ, ಮುಂದೆ ಚೂಪು. ಅಷ್ಟೇ ಅಲ್ವಾ? ನನ್ನ ಮೊದಲ ಬಾಣ ಹೊರಟಿದ್ದು ಹಿತ್ತಲಿನ ಹುಲ್ಲಿನ ಬಣವೆ ಕಡೆಗೆ, ತಲುಪಿದ್ದು ಕೊಟ್ಟಿಗೆಯ ಮಾಡಿಗೆ. ಎರಡನೆಯದು ನೆಟ್ಟಗೆ ಹೋಗಿ ಬಣವೆಗೆ ನಾಟಿತು. ಮೂರನೆಯದು ಎಡಕ್ಕೆ ಹೊರಳಿ ಬೇಲಿಯೊಳಗೆ ಮಾಯವಾಯಿತು. ಬಿಲ್ಲು ಅದೇ, ಕೈಯೂ ಅದೇ. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ದೊಡ್ಡಮ್ಮ ತಲೆ ಎತ್ತದೆಯೇ ಕೇಳಿದರು: "ಅಲ್ಲ ಮಾರಾಯ, ಹಂಚು ಒಡೆದ್ರೆ ಮಾಡು ಹತ್ತೋರು ಯಾರು?"

ತಪ್ಪು ನನ್ನ ಗುರಿಯದ್ದಲ್ಲ, ಮೂರು ಬಾಣಗಳೂ ಮೂರು ಥರ ಇದ್ದವು ಅಂತ ಗೊತ್ತಾಗಲು ಒಂದು ವರ್ಷ ಹಿಡಿಯಿತು. ಒಂದು ಚೆಂದದ ಬಾಣ ಯಾರು ಬೇಕಾದರೂ ಮಾಡಬಹುದು. ಆರು ಬಾಣವನ್ನು ಒಂದೇ ತಾಯಿಯ ಮಕ್ಕಳ ಹಾಗೆ ಮಾಡುವುದರಲ್ಲೇ ಕೆಲಸ ಇರುವುದು. ಈ ಲೇಖನದಲ್ಲಿ ಜಾಸ್ತಿ ಜಾಗ ಅದಕ್ಕೇ ಹೋಗಿದೆ.

ಅಂದಹಾಗೆ, ಅರ್ಧಕ್ಕೇ ನಿಂತ ಬಾಣಗಳ ಬಗ್ಗೆ ನಾಚಿಕೆ ಪಡಬೇಡಿ. 1991ರಲ್ಲಿ ಆಸ್ಟ್ರಿಯಾ ಮತ್ತು ಇಟಲಿ ಗಡಿಯ ಆಲ್ಪ್ಸ್ ಬೆಟ್ಟದ ಹಿಮದಲ್ಲಿ ಸುಮಾರು 5,300 ವರ್ಷ ಹಳೆಯ ಮನುಷ್ಯನೊಬ್ಬನ ದೇಹ ಸಿಕ್ಕಿತು. ಈಗ ಅವನನ್ನು ಓಟ್ಸಿ ಅಂತ ಕರೆಯುತ್ತಾರೆ. ಅವನ ಬತ್ತಳಿಕೆಯಲ್ಲಿ 14 ಕಡ್ಡಿಗಳಿದ್ದವು. ಪೂರ್ತಿಯಾಗಿದ್ದು ಎರಡೇ, ಆ ಎರಡೂ ಮುರಿದಿದ್ದವು. ಬಿಲ್ಲೂ ಅರ್ಧ ಕೆತ್ತಿದ್ದೇ. ಆದರೆ ಆ ಎರಡು ಬಾಣ ನೋಡಿದರೆ ಕಲಿಯುವುದು ಬಹಳ ಇದೆ. ಪೊದೆ ಗಿಡದ ನೆಟ್ಟನೆಯ ಚಿಗುರುಕಡ್ಡಿ, ಮೂರು ಗರಿ, ಗರಿ ಅಂಟಿಸಲು ಮರದ ಡಾಂಬರಿನಂಥ ಅಂಟು, ಅದರ ಮೇಲೆ ಗಿಡದ ನಾರಿನ ಸುತ್ತು. ನಾವು ಮಾಡುವುದೂ ಇದನ್ನೇ. ಗಿಡಗಳು ಮಾತ್ರ ನಮ್ಮ ಊರಿನವು.

ಶುರು ಮಾಡುವ ಮೊದಲು ಎರಡು ಮಾತು. ಇದು ಹುಲ್ಲಿನ ಪೆಂಡಿಗೆ, ಗೋಣಿಚೀಲದ ಗುರಿಗೆ ಹೊಡೆಯುವ ಬಾಣ. ಬೇಟೆಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮಲ್ಲಿ ಕಾಡುಪ್ರಾಣಿ ಬೇಟೆ ಅಪರಾಧ. ಹಾಗೇ ಅರಣ್ಯ ಇಲಾಖೆಯ ಕಾಡಿಗೆ ನುಗ್ಗಿ ಏನನ್ನೂ ಕಡಿಯಬೇಡಿ. ಬೇಕಾದ್ದೆಲ್ಲ ಬೇಲಿ, ಹಳ್ಳದ ದಂಡೆ, ತೋಟದ ಅಂಚಿನಲ್ಲೇ ಸಿಗುತ್ತದೆ. ತೋಟದವರನ್ನು ಒಂದು ಮಾತು ಕೇಳಿದರೆ ಸಾಕು.

ಕಡ್ಡಿ ಆರಿಸುವುದು

ನಾನು ಬಳಸುವುದು ಲಕ್ಕಿ. ಕೆಲವು ಕಡೆ ನೆಕ್ಕಿ ಅಂತಾರೆ. ಬಾಣಂತಿ ಸ್ನಾನಕ್ಕೆ, ನೆಗಡಿಗೆ ಹಬೆ ತೆಗೆದುಕೊಳ್ಳಲು ಸೊಪ್ಪು ತರುತ್ತೇವಲ್ಲ, ಅದೇ ಗಿಡ. ಅದರ ಕಡ್ಡಿ ಬಳುಕುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ಬುಟ್ಟಿ ಹೆಣೆಯುವವರೂ ಅದಕ್ಕೇ ಅದನ್ನು ಹುಡುಕಿಕೊಂಡು ಬರುತ್ತಾರೆ. ಒಂದು ತೊಂದರೆ ಇದೆ. ಎಳೆ ಕಡ್ಡಿ ದುಂಡಗಿರುವುದಿಲ್ಲ, ಚೌಕವಾಗಿರುತ್ತದೆ. ಬಲಿತ ಹಾಗೆ ಮೂಲೆಗಳು ಕರಗುತ್ತವೆ. ಉಳಿದ ಮೂಲೆಯನ್ನು ಹೆರೆದು ತೆಗೆಯಬೇಕು.

ಬೆಳೆದ ಗಿಡದ ಮೇಲಿನ ಕೊಂಬೆ ಪ್ರಯೋಜನಕ್ಕೆ ಬರುವುದಿಲ್ಲ. ಕವಲು ಕವಲಾಗಿ ಸೊಟ್ಟಗಿರುತ್ತದೆ. ಒಮ್ಮೆ ಬುಡದ ಹತ್ತಿರ ಕಡಿದ ಗಿಡದಿಂದ ಒತ್ತಾಗಿ ಏಳುತ್ತವಲ್ಲ ಚಿಗುರುಗಳು, ಬೆಳಕಿಗೆ ಪೈಪೋಟಿ ಬಿದ್ದು ನೆಟ್ಟಗೆ ಮೇಲೆ ಹೋದವು, ಅವು ಬೇಕು. ಬೇಲಿ ಸವರಿದ ಜಾಗದಲ್ಲಿ ಹುಡುಕಿ. ಇಲ್ಲದಿದ್ದರೆ ನೀವೇ ಈ ವರ್ಷ ಒಂದು ಗಿಡ ಕಡಿದು ಬಿಡಿ, ಮುಂದಿನ ವರ್ಷಕ್ಕೆ ಕಡ್ಡಿ ಸಿಗುತ್ತದೆ.

ಬುಡದ ಕಡೆ ಕಿರುಬೆರಳಿನ ದಪ್ಪ, ಅಂದರೆ 11-12 ಮಿಲಿಮೀಟರ್ ಇರಲಿ. ಒಣಗಿ, ಸಿಪ್ಪೆ ಹೋಗಿ, ಹೆರೆದ ಮೇಲೆ 9ಕ್ಕೆ ಬಂದು ನಿಲ್ಲುತ್ತದೆ. ಉದ್ದ ಒಂದು ಗಜ ಇಟ್ಟುಕೊಳ್ಳಿ, ಎರಡೂ ತುದಿ ಆಮೇಲೆ ಕತ್ತರಿಸಿದರಾಯಿತು. ಆರು ಬಾಣ ಬೇಕಾದರೆ ಇಪ್ಪತ್ತು ಕಡ್ಡಿ ಕಡಿಯಿರಿ. ಜಾಸ್ತಿ ಆಯಿತು ಅನಿಸಬಹುದು. ನಾನು ಹೋದ ಚಳಿಗಾಲದಲ್ಲಿ 24 ಕಡಿದೆ, ಕೊನೆಗೆ ಬಾಣ ಆದದ್ದು ಏಳು.

ಮಲೆನಾಡು, ಕೊಡಗಿನ ಕಡೆಯವರಾದರೆ ವಾಟೆಯನ್ನೂ ನೋಡಬಹುದು. ಚಿಕ್ಕವರಿದ್ದಾಗ ಪೆಟ್ಲು ಮಾಡಿ ಜುಮ್ಮನಕಾಯಿ ಹೊಡೆಯುತ್ತಿದ್ದೆವಲ್ಲ, ಆ ಟೊಳ್ಳು ಬಿದಿರು. ಹಗುರ, ನೆಟ್ಟಗಿರುತ್ತದೆ. ಆದರೆ ಗೋಡೆ ತೆಳು. ಎರಡೂ ತುದಿಗೆ ಗಟ್ಟಿ ಮರದ ಬೆಣೆ ಕೂರಿಸದಿದ್ದರೆ ಸೀಳಿಹೋಗುತ್ತದೆ. ಗಟ್ಟಿ ಬಿದಿರಿನ ಸಣ್ಣ ಗಳ ಸಿಕ್ಕರೆ ಅದು ಇನ್ನೂ ಒಳ್ಳೆಯದು. ಭೂತಾನದಲ್ಲಿ ಬಿಲ್ಲುಗಾರಿಕೆಯೇ ರಾಷ್ಟ್ರೀಯ ಆಟ. ಅಲ್ಲಿನ ಸಾಂಪ್ರದಾಯಿಕ ಬಿಲ್ಲು ಬಾಣ ಎರಡೂ ಬಿದಿರಿನವೇ. ನಿಮ್ಮ ಜಮೀನಿನಲ್ಲಿ ಬೆಳೆದ ಬಿದಿರು 2017ರ ತಿದ್ದುಪಡಿಯ ನಂತರ ಅರಣ್ಯ ಕಾಯ್ದೆಯ ಲೆಕ್ಕದಲ್ಲಿ ಮರವಲ್ಲ. ಕಾಡಿನೊಳಗಿನ ಬಿದಿರಿಗೆ ಆ ಸಡಿಲಿಕೆ ಇಲ್ಲ. ಹೂ ಬಿಟ್ಟು ಒಣಗಿ ನಿಂತ ಹಿಂಡಿಲಿನಿಂದ ಮಾತ್ರ ತರಬೇಡಿ, ಅದು ಪಟ್ಟನೆ ಮುರಿಯುತ್ತದೆ.

ಯಾವಾಗ ಕಡಿಯಬೇಕು, ಹೇಗೆ ಒಣಗಿಸಬೇಕು

ಮಳೆ ಪೂರ್ತಿ ನಿಂತು ಚಳಿ ಬಿದ್ದ ಮೇಲೆ, ಡಿಸೆಂಬರ್-ಜನವರಿ. ಬಿದಿರಿನ ವಿಷಯದಲ್ಲಿ ನನಗೆ ಬುಟ್ಟಿ ಹೆಣೆಯುವ ಅಜ್ಜರೊಬ್ಬರು ಹೇಳಿದ್ದು: "ಹುಣ್ಣಿಮೆ ಕಳೀಲಿ ಸ್ವಾಮಿ, ಅಮಾಸೆ ಹತ್ರ ಕಡೀರಿ. ಬೆಳದಿಂಗಳಲ್ಲಿ ಕಡಿದ್ರೆ ಕುಟ್ಟೆ ಹತ್ತುತ್ತೆ." ಚಂದ್ರನ ಮಾತು ನಾನು ಪರೀಕ್ಷೆ ಮಾಡಿಲ್ಲ, ಆದರೆ ಅವರ ಮಾತು ಮೀರಿಯೂ ಇಲ್ಲ. ಕುಟ್ಟೆ ಹುಳ ಬರುವುದು ಬಿದಿರಿನ ಒಳಗಿನ ಹಿಟ್ಟಿನ ಅಂಶಕ್ಕೆ. ಮಳೆಗಾಲದಲ್ಲಿ ಕಡಿದ ಎಳೆ ಬಿದಿರು ಬೇಗ ಪುಡಿಯಾಗುವುದನ್ನು ನಾನೇ ನೋಡಿದ್ದೇನೆ. ಬಿದಿರಾದರೆ ಎರಡು ವರ್ಷ ದಾಟಿದ ಗಳ ನೋಡಿ.

ತಂದ ದಿನವೇ ಎಲೆ, ಕವಲು ಸವರಿ ಸಿಪ್ಪೆ ಹಾಗೇ ಬಿಡಿ. ಎರಡೂ ತುದಿಗೆ ಸೆಗಣಿ ಅಥವಾ ಮೇಣ ಮೆತ್ತಿ. ಇಲ್ಲದಿದ್ದರೆ ತುದಿ ಬೇಗ ಒಣಗಿ ಬಿರುಕು ಬಿಡುತ್ತದೆ. ಎಲ್ಲವನ್ನೂ ಒಟ್ಟು ಸೇರಿಸಿ ಐದಾರು ಕಡೆ ಬಿಗಿಯಾಗಿ ಕಟ್ಟಿ. ಒಂದರ ಡೊಂಕನ್ನು ಇನ್ನೊಂದು ತಡೆಯುತ್ತದೆ. ನೆರಳಲ್ಲಿ, ಗಾಳಿ ಆಡುವ ಕಡೆ ಮಲಗಿಸಿ. ಹದಿನೈದು ದಿನಕ್ಕೊಮ್ಮೆ ಕಟ್ಟು ಬಿಚ್ಚಿ ಮತ್ತೆ ಬಿಗಿ ಮಾಡಿ, ಒಣಗಿದ ಹಾಗೆ ಕಡ್ಡಿ ಸಣ್ಣಗಾಗಿ ಕಟ್ಟು ಸಡಿಲವಾಗುತ್ತದೆ. ಎರಡೂವರೆಯಿಂದ ಮೂರು ತಿಂಗಳು. ಬಿಸಿಲಿಗೆ ಹಾಕಿ ಬೇಗ ಮುಗಿಸೋಣ ಅಂತ ಒಮ್ಮೆ ನೋಡಿದೆ. ಹನ್ನೆರಡರಲ್ಲಿ ಒಂಬತ್ತು ಉದ್ದಕ್ಕೆ ಸೀಳಿದವು.

ಕೆಂಡದ ಮೇಲೆ ನೆಟ್ಟಗೆ ಮಾಡುವುದು

ನನಗೆ ಬಹಳ ಇಷ್ಟದ ಕೆಲಸ ಇದು. ಅವಸರದವರಿಗೆ ಆಗುವುದಿಲ್ಲ.

ಮೊದಲು ಸಿಪ್ಪೆ ತೆಗೆಯಿರಿ. ಚಾಕುವಿನ ಬಾಯಿಯನ್ನು ಕಡ್ಡಿಗೆ ನೇರವಾಗಿ ನಿಲ್ಲಿಸಿ ಎಳೆಯಬೇಕು, ಕೆತ್ತಬಾರದು. ಕೆತ್ತಿದರೆ ಚಾಕು ಒಳಗೆ ಇಳಿದು ಎಳೆ ಕಡಿಯುತ್ತದೆ. ಕವಲು ಇದ್ದ ಗಂಟುಗಳನ್ನು ಪೂರ್ತಿ ಸಮ ಮಾಡಲು ಹೋಗಬೇಡಿ, ಸ್ವಲ್ಪ ಉಬ್ಬು ಬಿಡಿ. ಅಲ್ಲೇ ಮುರಿಯುವ ಅಪಾಯ ಜಾಸ್ತಿ.

ಈಗ ಒಲೆಯಲ್ಲಿ ಕೆಂಡ ಮಾಡಿಕೊಳ್ಳಿ. ಉರಿ ಬೇಡ, ಕೆಂಡ ಬೇಕು. ಕಡ್ಡಿಯನ್ನು ಕಣ್ಣಿಗೆ ಹಿಡಿದು ಬಂದೂಕಿನ ನಳಿಗೆಯ ಹಾಗೆ ಉದ್ದಕ್ಕೆ ನೋಡಿ. ದೊಡ್ಡ ಡೊಂಕು ಎಲ್ಲಿದೆಯೋ ಅಲ್ಲಿ ಇದ್ದಿಲಿನಿಂದ ಗುರುತು ಹಾಕಿ. ಆ ಜಾಗಕ್ಕೆ ಒಂದು ಹನಿ ಎಣ್ಣೆ ಸವರಿ, ಕೆಂಡದಿಂದ ಒಂದು ಗೇಣು ಮೇಲೆ ಹಿಡಿದು ನಿಧಾನ ತಿರುಗಿಸುತ್ತಾ ಇರಿ. ಒಂದೆರಡು ನಿಮಿಷಕ್ಕೆ ಕೈಗೆ ಗೊತ್ತಾಗುತ್ತದೆ: ಇಷ್ಟು ಹೊತ್ತು ಪುಟಿಯುತ್ತಿದ್ದ ಕಡ್ಡಿ ಮೆತ್ತಗೆ ಮಾತು ಕೇಳಲು ಶುರು ಮಾಡುತ್ತದೆ. ಬೇಯಿಸಿದ ನುಗ್ಗೆಕಾಯಿಯಷ್ಟು ಅಲ್ಲ, ಹಸಿ ಕಡ್ಡಿಯಷ್ಟು. ತಕ್ಷಣ ತೆಗೆದು ಮೊಣಕಾಲಿಗೆ ಒತ್ತಿ ಡೊಂಕಿನ ಎದುರು ದಿಕ್ಕಿಗೆ ಬಗ್ಗಿಸಿ. ನೆಟ್ಟಗಾದಲ್ಲಿಗೆ ನಿಲ್ಲಿಸಬೇಡಿ, ಕೂದಲೆಳೆಯಷ್ಟು ದಾಟಿಸಿ. ತಣ್ಣಗಾಗುವವರೆಗೆ ಹಿಡಿದೇ ಇರಿ. ಬೇಗ ಬಿಟ್ಟರೆ ಹಳೆಯ ಡೊಂಕಿಗೇ ವಾಪಸ್ಸು.

ದೊಡ್ಡ ಡೊಂಕು ಮೊದಲು, ಸಣ್ಣವು ಆಮೇಲೆ. ಒಂದು ಕಡ್ಡಿಗೆ ಅರ್ಧ ಗಂಟೆ ಹಿಡಿಯಬಹುದು. ಬಣ್ಣ ಜೇನಿನ ಹಾಗೆ ಆದರೆ ಚೆಂದ, ಕಪ್ಪಾದರೆ ಸುಟ್ಟಿತು ಅಂತಲೇ ಲೆಕ್ಕ, ಅದು ಒಲೆಗೆ. ಒಂದು ವಾರ ಬಿಟ್ಟು ಮತ್ತೆ ನೋಡಿ. ಕೆಲವು ಮತ್ತೆ ಬಾಗಿರುತ್ತವೆ, ಮತ್ತೆ ಕೆಂಡ. ಮೂರನೆಯ ಸಲವೂ ಬಾಗಿದ ಕಡ್ಡಿಯ ಹಿಂದೆ ಬೀಳಬೇಡಿ. ಅವರೆ ಬಳ್ಳಿಗೆ ಆಸರೆಯಾಗಲಿ.

ನೆಟ್ಟಗಿದೆಯೋ ಇಲ್ಲವೋ ನೋಡಲು ಎಡಗೈಯ ಹೆಬ್ಬೆರಳು ಮತ್ತು ನಡುಬೆರಳಿನ ಉಗುರುಗಳ ಮೇಲೆ ಕಡ್ಡಿ ಇಟ್ಟು ಬಲಗೈಯಿಂದ ಬುಗುರಿಯ ಹಾಗೆ ತಿರುಗಿಸಿ. ಸೊಟ್ಟ ಇದ್ದರೆ ಟಕಟಕ ಅಂತ ಕುಣಿಯುತ್ತದೆ.

ಬಾಟಲಿ ಪರೀಕ್ಷೆ

ಬಾಣ ಬಿಲ್ಲಿನಿಂದ ಹೊರಡುವಾಗ ನೆಟ್ಟಗೆ ಹೋಗುವುದಿಲ್ಲ. ಹೆದೆ ಹಿಂದಿನಿಂದ ನೂಕುತ್ತದೆ, ಬಿಲ್ಲಿನ ಹಿಡಿ ಪಕ್ಕದಲ್ಲಿ ಅಡ್ಡ ಇರುತ್ತದೆ. ಹಾಗಾಗಿ ಬಾಣ ಮೀನಿನ ಹಾಗೆ ಬಳುಕಿ ಹಿಡಿಯನ್ನು ಸುತ್ತಿ ದಾಟಿ, ಆಮೇಲೆ ಸರಿಹೋಗುತ್ತದೆ. ಜಾಸ್ತಿ ಗಟ್ಟಿ ಇದ್ದರೆ ಬಳುಕುವುದಿಲ್ಲ, ಬಲಗೈಯವರಿಗೆ ಎಡಕ್ಕೆ ಹೋಗುತ್ತದೆ. ಜಾಸ್ತಿ ಮೆತ್ತಗಿದ್ದರೆ ಬಲಕ್ಕೆ. ನನ್ನ ಮೂರನೆಯ ಬಾಣ ಬೇಲಿಯೊಳಗೆ ಹೋಗಿದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಬಾಣ ಎಷ್ಟು ಬಳುಕಬೇಕು ಅನ್ನುವುದು ಬಿಲ್ಲಿನ ಸೆಳೆತದ ಮೇಲೆ, ಅಂದರೆ ಹೆದೆ ಎಳೆಯಲು ಬೇಕಾಗುವ ಬಲದ ಮೇಲೆ ಹೋಗುತ್ತದೆ. ಅದಕ್ಕೆ ಮೊದಲು ಆ ಸೆಳೆತ ತಿಳಿದುಕೊಳ್ಳಿ. ಗ್ಯಾಸ್ ಸಿಲಿಂಡರ್ ತೂಗುವ ಕೊಕ್ಕೆ ತಕ್ಕಡಿಯನ್ನು ಹೆದೆಗೆ ಸಿಕ್ಕಿಸಿ, ನೀವು ಎಳೆಯುವಷ್ಟು ದೂರ ಎಳೆದು ನೋಡಿ. ಬಂದ ಕಿಲೋವನ್ನು 2.2ರಿಂದ ಗುಣಿಸಿದರೆ ಪೌಂಡು. ಬಿಲ್ಲಿನವರೆಲ್ಲ ಪೌಂಡಿನಲ್ಲೇ ಮಾತಾಡುತ್ತಾರೆ. ಕಲಿಯುವವರಿಗೆ 25ರಿಂದ 35 ಪೌಂಡ್ ಸಾಕು.

ಈಗ ಗೋಡೆಗೆ ಒಂದೇ ಮಟ್ಟದಲ್ಲಿ, ಸರಿಯಾಗಿ 66 ಸೆಂಟಿಮೀಟರ್ ಅಂತರದಲ್ಲಿ ಎರಡು ಮೊಳೆ ಹೊಡೆಯಿರಿ. ಕಡ್ಡಿಯನ್ನು ಮೊಳೆಗಳ ಮೇಲೆ ಇಡಿ. ಒಂದು ಲೀಟರ್ ಬಾಟಲಿಗೆ ನೀರು ತುಂಬಿ, ಬಾಟಲಿ ಸಮೇತ 907 ಗ್ರಾಂ ಬರುವ ಹಾಗೆ ತೂಗಿ. ಎರಡು ಪೌಂಡ್ ಅಂದರೆ ಅಷ್ಟೇ. ಬಾಟಲಿಯನ್ನು ದಾರದಿಂದ ಕಡ್ಡಿಯ ನಟ್ಟನಡುವೆ ನೇತು ಹಾಕಿ. ಹಾಕುವ ಮೊದಲು ಕಡ್ಡಿ ಎಲ್ಲಿತ್ತು, ಹಾಕಿದ ಮೇಲೆ ಎಷ್ಟು ಕೆಳಗೆ ಬಂತು ಅಂತ ಗೋಡೆಗೆ ಅಂಟಿಸಿದ ಸ್ಕೇಲಿನಲ್ಲಿ ನೋಡಿ.

ಲೆಕ್ಕ ಸುಲಭ. 660ನ್ನು ಬಿಲ್ಲಿನ ಪೌಂಡಿನಿಂದ ಭಾಗಿಸಿ. ಬಂದದ್ದು ಕಡ್ಡಿ ಬಾಗಬೇಕಾದ ಮಿಲಿಮೀಟರ್. 30 ಪೌಂಡಿನ ಬಿಲ್ಲಿಗೆ 22 ಮಿಲಿಮೀಟರ್, 40ಕ್ಕೆ ಹದಿನಾರೂವರೆ. ಹಿಡಿ ಅಗಲ ಇರುವ ನಾಡಬಿಲ್ಲಾದರೆ ಬಾಣ ಇನ್ನೂ ಸ್ವಲ್ಪ ಸುತ್ತಿ ಹೋಗಬೇಕು, ಅದಕ್ಕೆ ಎರಡು ಮೂರು ಮಿಲಿಮೀಟರ್ ಜಾಸ್ತಿ ಬಾಗಿದರೂ ಒಳ್ಳೆಯದೇ.

ಕಡ್ಡಿ ಕಡಿಮೆ ಬಾಗಿತಾ? ಗಟ್ಟಿ ಇದೆ ಅಂತ ಅರ್ಥ. ಹೆರೆಯಿರಿ, ಮತ್ತೆ ನೇತು ಹಾಕಿ, ಮತ್ತೆ ಹೆರೆಯಿರಿ. ಹೆಚ್ಚು ಬಾಗಿತು ಅಂದರೆ ಹೆರೆದದ್ದನ್ನು ವಾಪಸ್ಸು ಅಂಟಿಸಲು ಬರುವುದಿಲ್ಲ, ಆ ಕಡ್ಡಿ ಮಕ್ಕಳ ಬಿಲ್ಲಿಗೆ. ಒಂದು ಸೂಕ್ಷ್ಮ ಇದೆ. ಚೌಕದಿಂದ ದುಂಡಗೆ ಮಾಡಿದ ಲಕ್ಕಿ ಕಡ್ಡಿ ಒಂದು ಮಗ್ಗುಲಲ್ಲಿ 20 ಬಾಗಿ ಇನ್ನೊಂದು ಮಗ್ಗುಲಲ್ಲಿ 24 ಬಾಗಬಹುದು. ಕಾಲು ಸುತ್ತು ತಿರುಗಿಸಿ ಎರಡು ಸಲ ಅಳೆಯಿರಿ. ಗಟ್ಟಿ ಇರುವ ಮಗ್ಗುಲಿಗೆ ಪೆನ್ಸಿಲಿನಿಂದ ಗುರುತು ಹಾಕಿ. ಬಿಲ್ಲಿನ ಹಿಡಿಗೆ ತಾಗುವುದು ಯಾವಾಗಲೂ ಆ ಮಗ್ಗುಲೇ ಆಗಬೇಕು.

ಎಲ್ಲ ಕಡ್ಡಿಗೂ ನಂಬರ್ ಹಾಕಿ ಬಾಗಿದ ಅಳತೆ ಬರೆದಿಡಿ. ತೂಕವನ್ನೂ ಬರೆಯಿರಿ. ಬೆಳ್ಳಿ ಬಂಗಾರ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ಈಗ ಅಗ್ಗಕ್ಕೇ ಸಿಗುತ್ತದೆ. 30 ಪೌಂಡಿನ ಬಿಲ್ಲಿಗೆ ಪೂರ್ತಿ ಬಾಣ 20 ಗ್ರಾಂಗಿಂತ ಕಡಿಮೆ ಇರಬಾರದು. ತೀರಾ ಹಗುರ ಬಾಣ ಹೊಡೆದರೆ ಉಳಿದ ಶಕ್ತಿ ಬಿಲ್ಲಿಗೇ ಬಡಿದು ಬಿಲ್ಲು ಮುರಿಯುತ್ತದೆ. ಬಾಗಿದ್ದು 2 ಮಿಲಿಮೀಟರ್ ಒಳಗೆ, ತೂಕ 1 ಗ್ರಾಂ ಒಳಗೆ ಹೊಂದುವ ಕಡ್ಡಿಗಳನ್ನು ಒಂದು ಗುಂಪು ಮಾಡಿ. ಆ ಗುಂಪೇ ನಿಮ್ಮ ಬತ್ತಳಿಕೆ. ಉಳಿದದ್ದು ಎಷ್ಟು ಚೆಂದ ಇದ್ದರೂ ಬೇರೆ ಕಟ್ಟಿಡಿ.

ಹೆರೆದದ್ದನ್ನು ನುಣುಪು ಮಾಡಲು ಉಪ್ಪುಕಾಗದವೇ ಬೇಕಿಲ್ಲ. ಗರಗತ್ತಿ ಮರದ ಒರಟು ಎಲೆ ಸಿಕ್ಕರೆ ತನ್ನಿ. ಹೆಸರೇ ಹೇಳುತ್ತದಲ್ಲ. ಎಲೆ ಮಡಚಿ ಕಡ್ಡಿಯನ್ನು ಅದರೊಳಗೆ ಹಿಡಿದು ಉದ್ದಕ್ಕೆ ಎಳೆದರೆ ಸಾಕು.

ಕಚ್ಚು ಮತ್ತು ಮೊನೆ

ಉದ್ದ ಎಷ್ಟು? ಕಡ್ಡಿಯ ಒಂದು ತುದಿ ಎದೆಗುಂಡಿಗೆಗೆ ಆನಿಸಿ ಎರಡೂ ಕೈ ಮುಂದೆ ಚಾಚಿ ಅಂಗೈ ಜೋಡಿಸಿ. ಬೆರಳ ತುದಿ ಮುಟ್ಟುವಲ್ಲಿಗೆ ಒಂದು ಅಂಗುಲ ಸೇರಿಸಿ ಕತ್ತರಿಸಿ. ಬಾಣ ಗಿಡ್ಡವಾದರೆ ಎಳೆದಾಗ ಮೊನೆ ಬಿಲ್ಲಿನ ಒಳಗೆ ಜಾರಿ ಕೈಗೆ ನಾಟುತ್ತದೆ. ಈ ಒಂದು ಅಳತೆಯಲ್ಲಿ ಜಿಪುಣತನ ಬೇಡ.

ದಪ್ಪ ತುದಿ ಮುಂದೆ, ಸಣ್ಣ ತುದಿ ಹಿಂದೆ. ಸಣ್ಣ ತುದಿಯಲ್ಲಿ ಹೆದೆ ಕೂರುವ ಕಚ್ಚು ತೆಗೆಯಬೇಕು. ಎರಡು ಗರಗಸದ ಅಲಗನ್ನು ಜೋಡಿಸಿ ಟೇಪು ಸುತ್ತಿದರೆ ಒಂದೇ ಸಲಕ್ಕೆ ಸರಿಯಾದ ಅಗಲ ಬರುತ್ತದೆ. ಆಳ ಒಂದು ಸೆಂಟಿಮೀಟರ್ ಇದ್ದರೆ ಸಾಕು. ತಳವನ್ನು ದುಂಡಗೆ ಉಜ್ಜಿ. ಗುರುತು ಹಾಕಿದ ಗಟ್ಟಿ ಮಗ್ಗುಲು ಬಿಲ್ಲಿನ ಕಡೆ ಬರುವ ಹಾಗೆ ಕಚ್ಚಿನ ದಿಕ್ಕು ನೋಡಿಕೊಳ್ಳಿ. ಬಿದಿರಾದರೆ ಗಿಣ್ಣಿನ ಸ್ವಲ್ಪ ಮೇಲೆಯೇ ಕಚ್ಚು ಬರಲಿ, ಸೀಳು ಗಿಣ್ಣಿನಲ್ಲಿ ನಿಲ್ಲುತ್ತದೆ. ಲಕ್ಕಿಗೆ ಗಿಣ್ಣಿಲ್ಲ, ಹಾಗಾಗಿ ಕಚ್ಚಿನ ಕೆಳಗೆ ಒಂದು ಸೆಂಟಿಮೀಟರ್ ನಾರು ಬಿಗಿಯಾಗಿ ಸುತ್ತಲೇಬೇಕು. ಬಿಟ್ಟರೆ ಹತ್ತನೆಯ ಹೊಡೆತಕ್ಕೆ ಬಾಣ ಎರಡು ಹೋಳು.

ಮೊನೆಗೆ ಕಬ್ಬಿಣ ಬೇಡ ಅನ್ನುವವರು ಜಾಲಿ ಅಥವಾ ಬಂದರಿಕೆಯಂಥ ಗಟ್ಟಿ ಕಟ್ಟಿಗೆಯಿಂದ ನಾಲ್ಕು ಅಂಗುಲದ ತುಂಡು ಕೆತ್ತಿ. ಒಂದು ಕಡೆ ಬಂದೂಕಿನ ಗುಂಡಿನ ಹಾಗೆ ಮೊಂಡು ಚೂಪು, ಇನ್ನೊಂದು ಕಡೆ ಗೂಟ. ಕಡ್ಡಿಯ ನಡುವಿನ ಮೆತ್ತನೆ ತಿರುಳನ್ನು ಎರಡು ಸೆಂಟಿಮೀಟರ್ ಆಳ ಕೊರೆದು ಗೂಟವನ್ನು ಅಂಟು ಹಚ್ಚಿ ಕೂರಿಸಿ ಮೇಲೆ ನಾರು ಸುತ್ತಿ. ಚೂಪನ್ನು ಕೆಂಡದ ಮೇಲೆ ಹಿಡಿದು ಒಣಗಿಸಬಹುದು. ಸುಡಬೇಡಿ, ಕಪ್ಪಾದ ಮೊನೆ ಚೂರಾಗುತ್ತದೆ. ಮುಂದೆ ಭಾರ ಇರುವುದೂ ಬೇಕು. ಮುಗಿದ ಬಾಣವನ್ನು ಬೆರಳ ಮೇಲೆ ತೂಗಿಸಿದರೆ ಸಮ ನಿಲ್ಲುವ ಜಾಗ ನಡುವಿನಿಂದ ಎರಡರಿಂದ ನಾಲ್ಕು ಅಂಗುಲ ಮುಂದೆ ಇರಲಿ.

ಅಂಟು ಮತ್ತು ನಾರು

ಅಂಟಿನ ವಿಷಯದಲ್ಲಿ ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಮನೆ ಮುಂದೆ ಹಲಸಿನ ಮರ ಇದೆಯಲ್ಲ, ಮೇಣ ಬಿಟ್ಟಿ ಸಿಗುತ್ತದಲ್ಲ ಅಂತ ಅದನ್ನೇ ಕಾಯಿಸಿ ಗರಿ ಅಂಟಿಸಿದೆ. ಎರಡು ದಿನವಾದರೂ ಒಣಗಲಿಲ್ಲ. ಬಾಣಕ್ಕೆ ಅಂಟಿದ್ದಕ್ಕಿಂತ ಜಾಸ್ತಿ ಗರಿ ನನ್ನ ಬೆರಳಿಗೆ ಅಂಟಿತ್ತು. ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿದ ಮೇಲೆ ಬಿಟ್ಟಿತು. ಹಕ್ಕಿ ಹಿಡಿಯುವವರು ಆ ಮೇಣವನ್ನು ಯಾಕೆ ಬಳಸುತ್ತಿದ್ದರು ಅಂತ ಅವತ್ತು ಅರ್ಥವಾಯಿತು.

ಕೆಲಸಕ್ಕೆ ಬರುವುದು ರಾಳ. ಧೂಪದ ಮರದ ಬುಡದಲ್ಲಿ ಉದುರಿದ ಗಟ್ಟಿ ರಾಳ ಯಾರದಾದರೂ ತೋಟದಲ್ಲಿ ಸಿಕ್ಕರೆ ಸರಿ, ಇಲ್ಲವಾದರೆ ಗ್ರಂದಿಗೆ ಅಂಗಡಿಯಲ್ಲಿ ತನ್ನಿ. ಐದು ಪಾಲು ರಾಳ, ಒಂದು ಪಾಲು ಜೇನುಮೇಣ, ಒಂದು ಪಾಲು ನುಣ್ಣಗೆ ಜರಡಿ ಹಿಡಿದ ಇದ್ದಿಲ ಪುಡಿ. ಹಳೆಯ ಡಬ್ಬಿಯಲ್ಲಿ ಹಾಕಿ, ಆ ಡಬ್ಬಿಯನ್ನು ಮರಳು ತುಂಬಿದ ಬಾಣಲೆಯಲ್ಲಿಟ್ಟು ಸಣ್ಣ ಉರಿಯಲ್ಲಿ ಕರಗಿಸಿ. ನೇರ ಉರಿಗೆ ಹಿಡಿದರೆ ರಾಳ ಭಗ್ ಅಂತ ಹತ್ತಿಕೊಳ್ಳುತ್ತದೆ. ಮನೆಯೊಳಗೆ ಮಾಡಬೇಡಿ. ಕಡ್ಡಿ ಅದ್ದಿ ಆರಿಸಿ, ಉಗುರಿನಿಂದ ಒತ್ತಿ ನೋಡಿ. ಗಾಜಿನ ಹಾಗೆ ಒಡೆದರೆ ಮೇಣ ಸ್ವಲ್ಪ ಸೇರಿಸಿ. ಉಗುರು ಒಳಗೆ ಇಳಿದರೆ ರಾಳ ಸೇರಿಸಿ.

ನಾರಿಗೆ ಎಕ್ಕದ ಗಿಡವೇ ಸಾಕು, ಅದು ಇಲ್ಲದ ಊರುಂಟೇ? ಬಿಲ್ಲಿನ ಹೆದೆಗೂ ಎಕ್ಕದ ನಾರು ಬಳಸುತ್ತಿದ್ದರು, ಅಷ್ಟು ಗಟ್ಟಿ. ಬೆರಳುದಪ್ಪದ ನೆಟ್ಟನೆಯ ಕಾಂಡ ಕಡಿದು ಎರಡು ದಿನ ಬಾಡಲು ಬಿಡಿ. ಹಾಲು ಕಣ್ಣಿಗೆ ಹಾರದಂತೆ ಹುಷಾರು, ಕಣ್ಣಿಗೇ ಅಪಾಯ. ಬಾಡಿದ ಮೇಲೆ ಕೊಡತಿಯಿಂದ ಮೆಲ್ಲಗೆ ಜಜ್ಜಿ ಸಿಪ್ಪೆ ಸುಲಿದರೆ ಒಳಗೆ ಬೆಳ್ಳಗೆ ರೇಷ್ಮೆಯಂಥ ಎಳೆಗಳು. ಬೇರ್ಪಡಿಸಿ ಒಣಗಿಸಿ. ಗರಿ ಸುತ್ತಲು ಹಗ್ಗದ ಹಾಗೆ ಹೊಸೆಯುವುದು ಬೇಡ. ನಾಲ್ಕೈದು ಎಳೆ ಸೇರಿಸಿ ತೊಡೆಯ ಮೇಲೆ ಒಂದೇ ಸಲ ಉರುಳಿಸಿದರೆ ಹೊಲಿಗೆ ದಾರದಷ್ಟು ಸಣ್ಣ ನೂಲು. ಬಯಲುಸೀಮೆಯವರಿಗೆ ಪುಂಡಿ ನಾರು ಇನ್ನೂ ಸುಲಭ.

ಗರಿ

ನವಿಲು, ಹದ್ದು, ಗಿಡುಗ ಅಂತ ಆಸೆ ಪಡಬೇಡಿ. ಕಾಡುಹಕ್ಕಿಗಳ ಗರಿ ಸುದ್ದಿಯೇ ಬೇಡ. ನಾಟಿ ಹುಂಜದ ರೆಕ್ಕೆಯ ದೊಡ್ಡ ಗರಿ, ಟರ್ಕಿಕೋಳಿ ಸಾಕುವವರು ಪರಿಚಯ ಇದ್ದರೆ ಅದರ ಗರಿ. ಬ್ರಾಯ್ಲರ್ ಗರಿ ಪಿಚಪಿಚ ಅನ್ನುತ್ತದೆ, ಪ್ರಯೋಜನ ಇಲ್ಲ. ಬಾಲದ ಗರಿ ನೋಡಲು ಚೆಂದ, ಗಟ್ಟಿ ಇಲ್ಲ. ಸೀಗೆಪುಡಿ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಮುದುಡಿದ ಗರಿಯನ್ನು ಇಡ್ಲಿ ಪಾತ್ರೆಯ ಹಬೆಗೆ ಹಿಡಿದರೆ ಎಳೆಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಆಮೇಲೆ ಬೆರಳಿನಿಂದ ನೇವರಿಸಿದರೆ ಮತ್ತೆ ಕೂಡಿಕೊಳ್ಳುತ್ತವೆ.

ಈಗ ಎಡರೆಕ್ಕೆ, ಬಲರೆಕ್ಕೆ ಅಂತ ಎರಡು ಗುಡ್ಡೆ ಮಾಡಿ. ಗರಿಗೆ ಸಹಜವಾಗಿ ಒಂದು ಕಡೆ ಬಾಗು ಇರುತ್ತದೆ. ಒಂದೇ ಬಾಣಕ್ಕೆ ಎರಡನ್ನೂ ಬೆರೆಸಿದರೆ ಒಂದು ಬಲಕ್ಕೆ ತಿರುಗಿಸು ಅನ್ನುತ್ತದೆ, ಇನ್ನೊಂದು ಎಡಕ್ಕೆ. ಆರು ಬಾಣಕ್ಕೂ ಒಂದೇ ಕಡೆಯ ರೆಕ್ಕೆ ಸಿಕ್ಕರೆ ಇನ್ನೂ ಒಳ್ಳೆಯದು.

ಗರಿಯ ನಡುದಿಂಡನ್ನು ಹರಿತ ಚಾಕುವಿನಿಂದ ತುದಿಯಿಂದ ಬುಡಕ್ಕೆ ಸೀಳಿ, ಅಗಲ ಇರುವ ಪಕ್ಕ ಇಟ್ಟುಕೊಳ್ಳಿ. ದಿಂಡಿನ ಅಡಿಯನ್ನು ಕಲ್ಲಿಗೆ ಉಜ್ಜಿ ಕಾಗದದಷ್ಟು ತೆಳು, ಸಮ ಮಾಡಿ. ನಾಲ್ಕೂವರೆ ಅಂಗುಲ ಉದ್ದಕ್ಕೆ ಕತ್ತರಿಸಿ. ಎರಡೂ ತುದಿಯಲ್ಲಿ ಅರ್ಧ ಅಂಗುಲ ಎಳೆ ಕಿತ್ತು ಬರೀ ದಿಂಡು ಬಿಡಿ, ನಾರು ಸುತ್ತಲು ಅದು ಬೇಕು.

ಗರಿಯ ಹಿಂತುದಿ ಕಚ್ಚಿನಿಂದ ಒಂದು ಅಂಗುಲ ಮುಂದೆ. ಮೊದಲ ಗರಿ ಕಚ್ಚಿಗೆ ಅಡ್ಡಲಾಗಿ, ಬಿಲ್ಲಿನಿಂದ ಹೊರಗೆ ನೋಡುವ ಹಾಗೆ. ಉಳಿದೆರಡು ಸಮ ಅಂತರದಲ್ಲಿ. ಬಿಸಿ ಅಂಟಿನ ಒಂದು ಗೆರೆ ಎಳೆದು ಗರಿ ಇಟ್ಟು ಒತ್ತಿ. ಮೂರೂ ಕೂತ ಮೇಲೆ ನೀರಲ್ಲಿ ನೆನೆದ ನಾರಿನಿಂದ ಮುಂದಿನ ದಿಂಡುಗಳ ಮೇಲೆ ಒತ್ತೊತ್ತಾಗಿ ಹತ್ತು ಸುತ್ತು. ಆಮೇಲೆ ಎಳೆಗಳ ನಡುವೆ ನುಸುಳಿಸುತ್ತಾ ಅರ್ಧ ಸೆಂಟಿಮೀಟರಿಗೊಂದು ಸುತ್ತಿನಂತೆ ಹಿಂದಕ್ಕೆ ಹೋಗಿ. ಸೂಜಿಯಿಂದ ಎಳೆ ಬಿಡಿಸಿ ದಾರಿ ಮಾಡಿಕೊಟ್ಟರೆ ಗರಿ ಕೆಡುವುದಿಲ್ಲ. ಹಿಂದೆ ಮತ್ತೆ ಹತ್ತು ಸುತ್ತು. ಕೊನೆಗೆ ಸುತ್ತುಗಳ ಮೇಲೆ ತೆಳ್ಳಗೆ ಅಂಟು ಸವರಿ ಬೆರಳಾಡಿಸಿ. ಮುಂದಿನ ದಿಂಡಿನ ತುದಿ ಚೂರು ಎದ್ದಿದ್ದರೂ ಬಾಣ ಹೊರಡುವಾಗ ಬಿಲ್ಲು ಹಿಡಿದ ಕೈಯನ್ನು ಬ್ಲೇಡಿನ ಹಾಗೆ ಸೀಳುತ್ತದೆ. ನನ್ನ ಎಡಗೈ ಹೆಬ್ಬೆರಳ ಬುಡದಲ್ಲಿ ಅದರ ಗುರುತು ಈಗಲೂ ಇದೆ.

ಗರಿಯ ಎತ್ತರ 12 ಮಿಲಿಮೀಟರ್ ಇರುವ ಹಾಗೆ ಕತ್ತರಿಯಿಂದ ಸವರಿ. ರಟ್ಟಿನಲ್ಲಿ ಒಂದು ಅಚ್ಚು ಕತ್ತರಿಸಿಕೊಂಡರೆ ಎಲ್ಲ ಗರಿಯೂ ಒಂದೇ ಥರ ಬರುತ್ತವೆ.

ಎಣ್ಣೆ, ಪರೀಕ್ಷೆ, ಅಟ್ಟ

ಕಡ್ಡಿಗೆ ಅಗಸೆ ಎಣ್ಣೆ ಮೂರು ಕೈ ಹಚ್ಚಿ. ಒಂದೊಂದು ಕೈ ಒಣಗಲು ಕೆಲವು ದಿನ ಬೇಕು. ಹೊಂಗೆ ಎಣ್ಣೆ ಒಣಗುವುದೇ ಇಲ್ಲ. ಗೇರೆಣ್ಣೆ ಮರಕ್ಕೆ ಒಳ್ಳೆಯದೇ, ಆದರೆ ಕೈ ಸುಟ್ಟು ಬೊಬ್ಬೆ ಬರುತ್ತದೆ. ಬೇಡ.

ಹೊಡೆಯಲು ಹುಲ್ಲಿನ ಪೆಂಡಿ ಅಥವಾ ಹಳೆ ಬಟ್ಟೆ ತುರುಕಿದ ಗೋಣಿಚೀಲ ಇಡಿ. ಹಿಂದೆ ಮಣ್ಣಿನ ದಿಬ್ಬ ಇರಲಿ, ಜನ, ದನ ಓಡಾಡುವ ದಾರಿ ಬೇಡ. ಹತ್ತು ಹೆಜ್ಜೆಯಿಂದ ಶುರು ಮಾಡಿ. ಒಂದೊಂದು ಬಾಣವನ್ನೂ ಐದೈದು ಸಲ ಹೊಡೆದು ಎಲ್ಲಿ ಬಿತ್ತು ಅಂತ ನಂಬರ್ ಸಮೇತ ಬರೆಯಿರಿ. ಐದಕ್ಕೆ ಐದೂ ಎಡಕ್ಕೇ ಹೋಗುವ ಬಾಣ ಇದ್ದರೆ ಅದು ಗಟ್ಟಿ, ನಡುಭಾಗವನ್ನು ಇನ್ನಷ್ಟು ಹೆರೆಯಿರಿ. ಬಲಕ್ಕೇ ಹೋಗುವುದಾದರೆ ಮೊನೆಯ ಭಾರ ಸ್ವಲ್ಪ ಕಡಿಮೆ ಮಾಡಿ ನೋಡಿ.

ಪ್ರತಿ ಸಲ ಹೊಡೆಯುವ ಮೊದಲು ಬಾಣವನ್ನು ಕಿವಿಯ ಹತ್ತಿರ ಹಿಡಿದು ಎರಡೂ ಕೈಯಿಂದ ಮೆಲ್ಲಗೆ ಬಗ್ಗಿಸಿ, ತಿರುಗಿಸಿ, ಮತ್ತೆ ಬಗ್ಗಿಸಿ. ಚಿಟ್ ಅಂದರೆ ಮುಗಿಯಿತು, ಮುರಿದು ಒಲೆಗೆ ಹಾಕಿ. ಬಿರುಕು ಬಿಟ್ಟ ಬಾಣ ಬಿಲ್ಲಿನಲ್ಲೇ ಒಡೆದರೆ ಚೂರು ಹೋಗುವುದು ಮುಂಗೈಯೊಳಗೆ.

ಮಳೆಗಾಲದಲ್ಲಿ ಬಾಣಗಳನ್ನು ಕಚ್ಚು ಮೇಲೆ, ಮೊನೆ ಕೆಳಗೆ ಮಾಡಿ ಅಡುಗೆಮನೆ ಅಟ್ಟದಲ್ಲಿ ನೇತು ಹಾಕಿ. ಗೋಡೆಗೆ ಒರಗಿಸಿದರೆ ಆಗಸ್ಟ್ ಹೊತ್ತಿಗೆ ಬಿಲ್ಲಿಗಿಂತ ಬಾಣವೇ ಜಾಸ್ತಿ ಬಾಗಿರುತ್ತದೆ. ಸೌದೆ ಒಲೆ ಇದ್ದರೆ ಹೊಗೆಗೆ ಕುಟ್ಟೆಯೂ ಬರುವುದಿಲ್ಲ. ದೊಡ್ಡಮ್ಮನ ಅಟ್ಟದಲ್ಲಿ ಈಗ ಕೊಬ್ಬರಿ ಬುಟ್ಟಿಯ ಪಕ್ಕ ನನ್ನ ಏಳು ಬಾಣ ತೂಗಾಡುತ್ತಿವೆ. ಹಂಚಿನ ಲೆಕ್ಕ ಮಾತ್ರ ಅವರು ಇನ್ನೂ ಮರೆತಿಲ್ಲ.